ಕಾವು ಕೂತ ಕೋಳಿಗೆ ಸಿಕ್ಕ ವಾಯಿದೆ

ಕೋಳಿ ಸಾಕಿದ್ದಕ್ಕೆ ನಿಮ್ಮ ಮನೆಗೂ ಯಾರಾದರೂ ಚೀಲ ಹಿಡಿದು ಬಂದಿದ್ದರಾ? ಎಂಬತ್ತರ ದಶಕದಲ್ಲಿ ಕೆಜಿಎಫ್‌ನ ಗಣಿ ಕಾರ್ಮಿಕರ ವಠಾರದ ನಮ್ಮ ಲೈನ್ ಮನೆಗೆ ಬಂದಿದ್ದರು. ಲೈನಿನಲ್ಲಿ ಕೋಳಿ ಸಾಕುವಂತಿರಲಿಲ್ಲ; ಸಿಕ್ಕಿದರೆ ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದರು. ತಪಾಸಣೆಗೆ ಬಂದ ಗಣಿಯ ಸ್ಯಾನಿಟರಿ ಇನ್‌ಸ್ಪೆಕ್ಟರ್ ಮಂಚದ ಕೆಳಗಿನ ಬುಟ್ಟಿ ಎಳೆದರು. ಹನ್ನೊಂದು ಮೊಟ್ಟೆಯ ಮೇಲೆ ನಮ್ಮ ಕೋಳಿ ಕೂತಿತ್ತು.

"ಕಾವು ಕೂತೈತೆ ಸಾ, ಎಬ್ಬಿಸ್ಬ್ಯಾಡಿ. ಇನ್ನ ನಾಕೇ ದಿನ," ಎಂದು ಅಮ್ಮ ಅಡ್ಡ ಬಂದಳು.

ಅವರು ಬುಟ್ಟಿಯೊಳಗೆ ಇಣುಕಿ ಗದರಿದರು. "ಬುಟ್ಟೀಲಿ ಕಬ್ಬಿಣ ಎಲ್ಲಮ್ಮೋ? ಕಬ್ಬಿಣ ಇಡ್ದೆ ಗುಡುಗಿದ್ರೆ ಮೊಟ್ಟೆ ಕೆಟ್ಟೋಯ್ತವೆ, ಅಷ್ಟೂ ಗೊತ್ತಿಲ್ವಾ?" ತಮ್ಮ ಸೈಕಲ್ಲಿನ ಬೀಗದ ಕೈಯನ್ನೇ ಹುಲ್ಲಿನೊಳಗೆ ತುರುಕಿ, ಖಾಲಿ ಚೀಲದೊಂದಿಗೆ ಹೊರಟರು.

ಐದನೇ ದಿನ ಬೀಗದ ಕೈಗೆಂದು ಬಂದರು. ಅಷ್ಟರಲ್ಲಿ ಕೋಳಿ, ಮರಿ ಎಲ್ಲಾ ಬೇತಮಂಗಲದ ಅತ್ತೆ ಮನೆ ಸೇರಿದ್ದವು. ಕೋಳಿ ಎಲ್ಲಿ ಎಂದು ಅವರು ಕೇಳಲಿಲ್ಲ. "ಎಷ್ಟು ಮರಿಯಾದ್ವು?" ಎಂದಷ್ಟೇ ಕೇಳಿದರು.

ಇಂದಿಗೂ ನಾನು ಕೋಳಿ ಕಾವಿಗೆ ಕೂರಿಸುವಾಗ ಬೀಗದ ಕೈಯನ್ನೇ ಇಡುತ್ತೇನೆ. ನಿಮ್ಮ ಕೋಳಿಯನ್ನು ಎಲ್ಲಿ ಬಚ್ಚಿಟ್ಟಿದ್ದಿರಿ, ಬರೆಯಿರಿ.