ಚಿಕ್ಕವ್ವನ ಎಡಗೈ

ಬನವಾಸಿಯಲ್ಲಿ ಬಳೆಯಂಗಡಿ ಇಟ್ಟಿದ್ದ ನೀಲಗಂಗವ್ವ ನಮ್ಮವ್ವನ ತಂಗಿ, ನನ್ನ ಚಿಕ್ಕವ್ವ. ಬಾಯಿ ಜೋರು. ಮದುಮಗಳ ಕೈ ಹಿಡಿದರೆ ಸಾಕು, ಬಳೆಯ ಅಳತೆ ಹೇಳುತ್ತಿದ್ದಳು. ಅತ್ತೆಮನೆಯಲ್ಲಿ ಹೇಗಿರಬೇಕೆಂಬ ಬುದ್ಧಿಮಾತು ಪುಕ್ಕಟೆ. ಗಂಡ ಚನ್ನಯ್ಯ ಕಾಕಾ ಗಲ್ಲಾದ ಹಿಂದೆ ಕೂತು ನಗುತ್ತಿದ್ದ.

ಚಿಕ್ಕವ್ವನ ಕಿಡ್ನಿ ಕೈಕೊಟ್ಟ ಮೇಲೆ ಶಿರಸಿಯಲ್ಲಿ ಡಯಾಲಿಸಿಸ್ ಶುರುವಾಯಿತು. ಮೊದಲಿಗೆ ಕೊರಳಿನ ರಕ್ತನಾಳಕ್ಕೆ ನಳಿಕೆ ಹಾಕಿದರು. ಎಡಗೈಯ ರಕ್ತನಾಳಗಳನ್ನು ಜೋಡಿಸುವ ಸಣ್ಣ ಆಪರೇಶನ್ ಮಾಡಿಸಿಕೊಂಡರೆ ಅಲ್ಲಿಂದಲೇ ಡಯಾಲಿಸಿಸ್ ಮಾಡಿ ನಳಿಕೆ ತೆಗೆಯಬಹುದು, ಆದರೆ ಆ ಕೈಗೆ ಮತ್ತೆ ಬಳೆ ಹಾಕುವಂತಿಲ್ಲ ಎಂದರು ಡಾಕ್ಟರು.

"ಗಂಡ ಗಟ್ಟಿಮುಟ್ಟಾಗಿ ಕುಂತಾನ. ಊರಿಗೆಲ್ಲ ಬಳಿ ಇಡಾಕಿ ನಾನ ಬರಿಗೈಲೆ ಕುಂದ್ರಲೇನು?" ಎಂದಳು ಚಿಕ್ಕವ್ವ.

ನನಗೆ ಸಿಟ್ಟು ನೆತ್ತಿಗೇರಿತು. ಜೀವಕ್ಕಿಂತ ಬಳೆ ಹೆಚ್ಚೇ ಎಂದು ಜಗಳವಾಡಿದೆ. ಕಾಕಾ ಎದ್ದು ಗಲ್ಲಾದ ಹಿಂದೆ ಹೋಗಿ ಕೂತ. ಒಳಗೊಳಗೇ ಅವನಿಗೂ ಅವಳ ತುಂಬಿದ ಕೈಗಳೇ ಬೇಕಾಗಿದ್ದವು.

ನಳಿಕೆಯೇ ಉಳಿಯಿತು. ಪ್ರತಿ ಡಯಾಲಿಸಿಸ್ ಮುಗಿದ ಮೇಲೆ ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ನರ್ಸ್ ಶಾಂಭವಿ ಹೆಪಾರಿನ್ ಎಂಬ ಔಷಧ ತುಂಬಿ ಮುಚ್ಚಳ ಹಾಕುತ್ತಿದ್ದಳು.

"ಈ ಔಷಧ ನಳಿಕೆ ಒಳಗೇ ಇರ್ಬೇಕು. ಮುಂದಿನ ಸಲ ನಾವೇ ಎಳೆದು ಹೊರಗೆ ತೆಗೀತೇವೆ. ಮೈಗೆ ಹೋದ್ರೆ ರಕ್ತ ನಿಲ್ಲೂದಿಲ್ಲ. ಬೇರೆ ಯಾರಿಗೂ ಮುಟ್ಟಲಿಕ್ಕೆ ಕೊಡಬೇಡಿ" ಎಂದು ಅವಳು ಗಂಡಹೆಂಡತಿ ಇಬ್ಬರಿಗೂ ಸಾರಿ ಸಾರಿ ಹೇಳುವಳು.

"ನನ್ನ ಕೊಳ್ಳಾಗ ಈಗ ಎರಡು ಲಿಂಗ ಅದಾವವ್ವಾ. ಎರಡನ್ನೂ ಯಾರ ಕೈಗೂ ಕೊಡೂದಿಲ್ಲ" ಎಂದು ಚಿಕ್ಕವ್ವ ಅವಳನ್ನು ನಗಿಸುತ್ತಿದ್ದಳು.

ಕಳೆದ ಶ್ರಾವಣದಲ್ಲಿ ವಾಂತಿಭೇದಿ ಹತ್ತಿ ಮಾತಾಡಲೂ ತ್ರಾಣವಿಲ್ಲದಂತಾದಳು. ಕಾಕಾ ಹತ್ತಿರದ ಕ್ಲಿನಿಕ್ಕಿಗೆ ಒಯ್ದ. ಸಲೈನ್ ಹಚ್ಚಲು ಕಾಂಪೌಂಡರ್ ಎರಡೂ ಅಂಗೈಗಳ ಹಿಂಬದಿಗೆ ಚುಚ್ಚಿ ನೋಡಿದ, ನರ ಸಿಗಲಿಲ್ಲ. ಬಳೆ ತೆಗೆದರೆ ಮುಂಗೈಯಲ್ಲಿ ಹುಡುಕಬಹುದು ಎಂದ. ಕಣ್ಣು ಮುಚ್ಚಿ ಮಲಗಿದ್ದ ಚಿಕ್ಕವ್ವ ಕೈ ಹಿಂದಕ್ಕೆಳೆದುಕೊಂಡಳು. ಕಾಕಾನಿಂದ ಅದನ್ನು ನೋಡಲಾಗಲಿಲ್ಲ.

"ಬ್ಯಾಡ್ರಿ, ಬಳಿ ತಗೀಬ್ಯಾಡ್ರಿ. ಕೊಳ್ಳಾಗ ನಳಿಗಿ ಐತಲ್ರಿ, ಅದರಾಗ ಹಚ್ರಿ" ಎಂದ.

ಶಾಂಭವಿಯ ಮಾತು ಆ ಗಾಬರಿಯಲ್ಲಿ ಅವನಿಗೆ ನೆನಪಾಗಲಿಲ್ಲ. ಕಾಂಪೌಂಡರನಿಗೆ ಗೊತ್ತೇ ಇರಲಿಲ್ಲ. ಒಳಗಿದ್ದ ಔಷಧವನ್ನು ಯಾರೂ ಹೊರತೆಗೆಯಲಿಲ್ಲ. ಸಲೈನ್ ಅದನ್ನೆಲ್ಲ ಮೈಯೊಳಗೆ ತಳ್ಳಿತು. ಸ್ವಲ್ಪ ಹೊತ್ತಿಗೆ ವಸಡಿನಿಂದ, ಮೂಗಿನಿಂದ, ಚುಚ್ಚಿದ ಜಾಗಗಳಿಂದ ರಕ್ತ ಜಿನುಗತೊಡಗಿತು. ತಲೆ ಸಿಡಿಯುತ್ತದೆ ಎಂದವಳು ಮತ್ತೆ ಮಾತಾಡಲಿಲ್ಲ. ಶಿರಸಿ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಏನಾಯಿತೆಂದು ಕೇಳಿದ ಶಾಂಭವಿ ಗೋಡೆಗೆ ಮುಖ ಮಾಡಿ ಅತ್ತಳು. ಅಳು ಕೇಳಿದಾಗಲೇ ಕಾಕಾನಿಗೆ ಎಲ್ಲ ನೆನಪಾಯಿತು.

ಮುತ್ತೈದೆ ಸಾವು, ಪುಣ್ಯವಂತೆ ಎಂದರು ಊರ ಹೆಂಗಸರು. ಅವರನ್ನೆಲ್ಲ ಹೊರಗಟ್ಟಬೇಕೆನಿಸಿತು ನನಗೆ. ಹಸಿರು ಬಳೆ ಇಡಲು ಕಾಕಾನೇ ಬಂದು ಕೂತ. ಬಲಗೈಗೆ ಒಂದೊಂದಾಗಿ, ಅವಳಿಗೆ ನೋವಾದೀತೇನೋ ಎಂಬಂತೆ ಏರಿಸಿದ. ಆಮೇಲೆ ಎಡಗೈಯಲ್ಲಿದ್ದ ಹಳೆಯ ಬಳೆಗಳನ್ನು ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಹೆಂಗಸರು ಹೊಸ ಬಳೆ ಮುಂದೆ ಹಿಡಿದರು.

"ಆ ಕೈಗೆ ಬ್ಯಾಡ್ರವ್ವಾ" ಎಂದ ಕಾಕಾ. "ಅದು ಆಪರೇಶನ್ ಮಾಡಸ್ಬೇಕಾಗಿದ್ದ ಕೈ. ಡಾಕ್ಟರ್ ಹೇಳಿದ ದಿನಾನ ನಾನ ಈ ಬಳಿ ತಗದಿದ್ರ ಆಗ್ತಿತ್ತು."