ಸದ್ದಿಲ್ಲದ ಫೋಟೋ, ಬಿಡದ ಕೈ

ಫೋಟೋ ತೆಗೆಯುವ ಮುಂಚೆ "ಸ್ವಲ್ಪ ನಗಿ" ಎಂದು ಹೇಳಿ ಹೇಳಿ ಸ್ವಂತ ಹೆಸರು ಮೂಲೆಗೆ ಬಿದ್ದು, ಊರಿಗೆಲ್ಲ ಅವನು ಸ್ವಲ್ಪನಗಿಯೇ ಆಗಿಬಿಟ್ಟಿದ್ದ. ಇಸ್ತ್ರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಸ್ಟುಡಿಯೋ. ಹಳೆಯ ಕ್ಯಾಮೆರಾ ಕೈಕೊಟ್ಟಾಗ, ಸ್ಟುಡಿಯೋದಲ್ಲಿ ಪಾಲಿದ್ದ ಅವನ ಅಕ್ಕ ಹೊಸದೊಂದನ್ನು ಕೊಡಿಸಿದಳು. ಅದರಲ್ಲಿ ಎರಡು ಬಗೆಯ ಶಟರ್. ಮೆಕ್ಯಾನಿಕಲ್ ಆದರೆ ಒಳಗಿನ ಪರದೆ ತೆರೆದು ಮುಚ್ಚಿ "ಟಕ್" ಎನ್ನುತ್ತದೆ. ಎಲೆಕ್ಟ್ರಾನಿಕ್ ಆದರೆ ಏನೂ ಅಲುಗುವುದಿಲ್ಲ, ಸದ್ದೂ ಇಲ್ಲ.

ಮೊದಲ ಕೆಲಸ ಗ್ರಂಥಾಲಯದಿಂದ ಬಂತು. ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ರಟ್ಟಿನಜ್ಜನಿಗೆ ಅಂದು ನಿವೃತ್ತಿ. ಮುಖ್ಯ ಗ್ರಂಥಪಾಲಕರು ಸದ್ದೆಂದರೆ ಉರಿದು ಬೀಳುವವರು; ಸೀನಿದವರನ್ನೂ ಹೊರಗೆ ಕಳಿಸುತ್ತಿದ್ದರು. ಸಮಾರಂಭ ಓದುವ ಕೋಣೆಯಲ್ಲೇ ನಡೆಯಬೇಕು, ಆದರೆ ಓದುವವರಿಗೆ ಗೊತ್ತಾಗಬಾರದು ಎಂದು ಅಪ್ಪಣೆಯಾಗಿತ್ತು. ಭಾಷಣವನ್ನು ಅವರು ಬರೀ ತುಟಿ ಅಲ್ಲಾಡಿಸಿ ಮುಗಿಸಿದರು. ಸ್ವಲ್ಪನಗಿ ಕ್ಯಾಮೆರಾವನ್ನು ಎಲೆಕ್ಟ್ರಾನಿಕ್ ಶಟರ್‌ಗೆ ಬದಲಿಸಿಕೊಂಡ.

ಗ್ರಂಥಪಾಲಕರು ಅಜ್ಜನ ಕೈ ಕುಲುಕಿ ಕ್ಯಾಮೆರಾದತ್ತ ನೋಡಿದರು. ಸ್ವಲ್ಪನಗಿ ಗುಂಡಿ ಒತ್ತಿದ. ಯಾರೂ ಕೈ ಬಿಡಲಿಲ್ಲ. ಮತ್ತೆ ಒತ್ತಿದ. ಇಬ್ಬರೂ ಅದೇ ನಗೆ ಹೊತ್ತು ನಿಂತೇ ಇದ್ದರು.

"ಆಯ್ತು ಸಾರ್," ಎಂದು ಪಿಸುಗುಟ್ಟಿದ.

"ಎಲ್ಲಿ ಆಯ್ತು? ಟಕ್ ಅನ್ಲೇ ಇಲ್ವಲ್ಲ," ಎಂದರು ಗ್ರಂಥಪಾಲಕರು, ನಗೆ ಕದಡದಂತೆ.

ತೆಗೆದದ್ದನ್ನು ತೋರಿಸಹೋದರೆ ಅವರು ಕತ್ತು ತಿರುಗಿಸಲು ಒಪ್ಪಲಿಲ್ಲ; ತಿರುಗಿಸಿದ ಹೊತ್ತಿಗೇ ಟಕ್ ಎಂದುಬಿಟ್ಟರೆ ಎಂಬ ಅನುಮಾನ. ಅಜ್ಜನಿಗೋ, ಸಾಹೇಬರು ತಾವಾಗಿ ಹಿಡಿದ ಕೈಯನ್ನು ಬಿಡಿಸಿಕೊಳ್ಳುವ ಧೈರ್ಯವಿಲ್ಲ. ಚಹಾ ತಂದವಳು ಲೋಟವನ್ನು ಸಾಹೇಬರ ಎಡಗೈಗೆ ತುರುಕಿ ಹೋದಳು. ಪುಸ್ತಕ ವಾಪಸು ಮಾಡಲು ಬಂದ ಹೆಂಗಸೊಬ್ಬಳು ತುಸು ಕಾದು ನೋಡಿ, ಅದನ್ನು ಅವರ ಕಂಕುಳಿಗೆ ಸಿಕ್ಕಿಸಿ ನಡೆದಳು.

ಬೇರೆ ದಾರಿ ಕಾಣದೆ ಸ್ವಲ್ಪನಗಿ ನಾಲಿಗೆಯನ್ನು ಅಂಗುಳಿಗೆ ಬಡಿದು ಬಾಯಲ್ಲೇ "ಟಕ್" ಎಂದ. ಕೈಗಳು ಕಳಚಿಕೊಂಡವು. ಸಾಹೇಬರ ಮುಖ ಮಾತ್ರ ಕೆಂಪಾಯಿತು. ಮೆಷಿನ್ನು ಸದ್ದು ಮಾಡಿದರೆ ಅದು ಕೆಲಸ, ಮನುಷ್ಯ ಮಾಡಿದರೆ ಅಶಿಸ್ತು ಎಂದು ಗದರಿ, ಮತ್ತೊಮ್ಮೆ ಸರಿಯಾಗಿ ತೆಗೆಯಲು ಹೇಳಿದರು. ಅವನು ಮೆಕ್ಯಾನಿಕಲ್ ಶಟರ್ ಹಾಕಿ ಒತ್ತಿದ. ಆ ನಿಶ್ಶಬ್ದದಲ್ಲಿ ಟಕ್ ಎಂಬುದು ಬಾಗಿಲು ಬಡಿದಂತೆ ಕೇಳಿಸಿ ಇಬ್ಬರೂ ಬೆಚ್ಚಿದರು.

ಸ್ಟುಡಿಯೋಗೆ ಬಂದು ದೊಡ್ಡದು ಮಾಡಿ ನೋಡಿದರೆ, ಸದ್ದಿಲ್ಲದ ಫೋಟೋಗಳಲ್ಲಿ ಕಣ್ಣುಗಳು ಚೆನ್ನಾಗಿ ತೆರೆದಿವೆ, ಆದರೆ ಆ ಶಟರ್ ಟ್ಯೂಬ್‌ಲೈಟುಗಳ ಕಣ್ಣಿಗೆ ಕಾಣದ ಮಿನುಗನ್ನೂ ಹಿಡಿದು ಮುಖದ ತುಂಬ ಕಪ್ಪು ಪಟ್ಟೆ. ಸದ್ದು ಮಾಡಿದ್ದರಲ್ಲಿ ಪಟ್ಟೆಯಿಲ್ಲ, ಆದರೆ ಇಬ್ಬರ ಕಣ್ಣುಗಳೂ ಮುಚ್ಚಿವೆ.

"ಒಂದ್ರಲ್ಲಿ ಹುಲಿ, ಇನ್ನೊಂದ್ರಲ್ಲಿ ಹೆಣ. ಯಾವುದನ್ನ ಕೊಡ್ತೀಯೋ?" ಎಂದಳು ಅಕ್ಕ.

ಎರಡನ್ನೂ ಒಯ್ದು ಸಾಹೇಬರ ಮೇಜಿನ ಮೇಲಿಟ್ಟ. ಅವರು ಕಣ್ಣು ಮುಚ್ಚಿದ್ದನ್ನೇ ಆರಿಸಿ, ಎಷ್ಟು ಶಾಂತವಾಗಿದೆ ಎಂದು ಮೆಚ್ಚಿ, ಓದುವ ಕೋಣೆಯ ಗೋಡೆಗೆ ಹಾಕಿಸಿದರು. ಫೋಟೋ ನೋಡಲು ಬಂದಿದ್ದ ರಟ್ಟಿನಜ್ಜ ಪಟ್ಟೆಯದನ್ನು ಕೈಗೆತ್ತಿಕೊಂಡ.

"ಇದೇ ಇರ್ಲಪ್ಪ," ಎಂದ ತಗ್ಗಿದ ದನಿಯಲ್ಲಿ. "ಸಾಹೇಬ್ರು ನನ್ನ ಕಣ್ಣಿಗೆ ಯಾವಾಗ್ಲೂ ಹೀಗೇ ಕಾಣ್ತಿದ್ರು."

ಅಜ್ಜನ ಹೆಂಡತಿ ಅದಕ್ಕೆ ಕಟ್ಟು ಹಾಕಿಸಿ ಅಡುಗೆಮನೆಯ ಕಿಟಕಿಯ ಪಕ್ಕ ತೂಗುಹಾಕಿದಳು. ಅಂದಿನಿಂದ ಪಕ್ಕದ ಮನೆಯ ಬೆಕ್ಕು ಹಾಲಿನ ಪಾತ್ರೆಯ ಹತ್ತಿರ ಸುಳಿದಿಲ್ಲವಂತೆ.