ಗೋದಾಮಿನಲ್ಲಿ ಹಿಡಿದ ಉಸಿರು

ನಾನು ಮಸ್ಕಿಯ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಎರಡು ವರ್ಷ ರಜೆ ಸಿಕ್ಕಾಗಲೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು ಆರು ನಿಮಿಷದ ಅನಿಮೇಷನ್ ಚಿತ್ರವೊಂದನ್ನು ಮಾಡಿದೆ. ಕಥೆ ಇಷ್ಟೇ: ಮಂಗಳ ಗ್ರಹಕ್ಕೆ ಹೊರಟ ನೌಕೆಯಿಂದ ಒಬ್ಬ ಹೆಂಗಸು ರಿಪೇರಿಗೆಂದು ಹೊರಗೆ ಬರುತ್ತಾಳೆ. ತಿರುಗಿ ಒಳಗೆ ಹೋಗಬೇಕೆಂದರೆ ಬಾಗಿಲು ತೆರೆಯುವುದಿಲ್ಲ. ಮಾತೇ ಇಲ್ಲ, ಹೆಲ್ಮೆಟ್ಟಿನೊಳಗಿನ ಅವಳ ಉಸಿರಷ್ಟೇ ಕೇಳಬೇಕು.

ಚಿತ್ರ ಮುಗಿದರೂ ಆ ಉಸಿರು ಸಿಕ್ಕಿರಲಿಲ್ಲ. ಮನೆಯಲ್ಲಿ ರೆಕಾರ್ಡ್ ಮಾಡಿದರೆ ರಸ್ತೆಯ ಟ್ರ್ಯಾಕ್ಟರು, ಪಕ್ಕದ ಮನೆಯ ಕುಕ್ಕರು ಎಲ್ಲ ಸೇರಿಕೊಳ್ಳುತ್ತಿದ್ದವು. ಜವಳಗೇರಾದಲ್ಲಿ ಅಂಗನವಾಡಿ ನಡೆಸುವ ಅಕ್ಕನಿಗೆ ಹೇಳಿಕೊಂಡೆ. ಭಾವನದು ಭತ್ತದ ವ್ಯಾಪಾರ.

"ನಮ್ಮ ಗೋದಾಮಿಗೆ ಬಾ. ಚೀಲದ ನಡುವ ಯಾವ ಸಪ್ಪಳನೂ ಬರಂಗಿಲ್ಲ. ಉಸಿರು ನಾನ ಬಿಡ್ತೀನಿ," ಅಂದಳು.

ಭಾನುವಾರ ಮಧ್ಯಾಹ್ನ ನಾನೂ ಅಕ್ಕನೂ ಗೋದಾಮಿಗೆ ಹೋದೆವು. ಭತ್ತದ ಚೀಲಗಳನ್ನು ಮಾಡಿನ ತಗಡಿನ ತನಕ ಒಟ್ಟಿದ್ದರು. ಎರಡು ಒಟ್ಟಿಲುಗಳ ನಡುವೆ ಒಬ್ಬರು ಹೋಗುವಷ್ಟು ಸಂದಿ. ಅಕ್ಕನ ಸೆರಗಿಗೆ ಪುಟ್ಟ ವೈರ್‌ಲೆಸ್ ಮೈಕ್ ಸಿಕ್ಕಿಸಿ ಅವಳನ್ನು ಸಂದಿಯೊಳಗೆ ಕೂರಿಸಿದೆ. ನಾನು ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಬಾಗಿಲ ಬಳಿ ಹೆಡ್‌ಫೋನ್ ಹಾಕಿಕೊಂಡು ಕೂತೆ.

"ಬಾಗಿಲು ತಗೀವಲ್ದು ಅಂತ ತಿಳ್ಕೋ. ಅಂಜಿಕಿ ಬಂದೈತಿ," ಎಂದು ಅಲ್ಲಿಂದಲೇ ಕೂಗಿದೆ.

"ನನಗೆಲ್ಲಿ ಅಂಜಿಕಿ ಬೇ," ಎಂದು ನಕ್ಕಳು. ಬಲೂನು ಊದಿದ ಹಾಗೆ ಉಸಿರು ಬಿಟ್ಟಳು. ನಾಲ್ಕೈದು ಸಲ ಮಾಡಿಸಿದರೂ ಸರಿ ಬರಲಿಲ್ಲ. ನನಗೆ ಸಿಟ್ಟು ಬಂತು. "ಇನ್ನಾ ನಾಕು ಹೆಜ್ಜಿ ಒಳಗ ಹೋಗು," ಎಂದೆ.

ಅವಳು ಚೀಲಕ್ಕೆ ಕೈಯೂರಿ ಎದ್ದಳು. ಹೆಡ್‌ಫೋನಿನಲ್ಲಿ ಕಾಳು ಸುರಿಯುವ ಸದ್ದು ಕೇಳಿತು. ತಳದ ಚೀಲವನ್ನು ಇಲಿಗಳು ಕಡಿದಿದ್ದವೆಂದು ಆಮೇಲೆ ಗೊತ್ತಾಯಿತು. ನಾನು ತಲೆ ಎತ್ತುವಷ್ಟರಲ್ಲಿ ಒಟ್ಟಿಲು ವಾಲಿ ಬಿತ್ತು. ಧೂಳು ಇಳಿದಾಗ ಸಂದಿಯೇ ಇರಲಿಲ್ಲ.

"ಅಕ್ಕಾ!" ಎಂದು ಚೀರಿದೆ. ಆಮೇಲೆ ಕಿವಿಯಲ್ಲಿ ಒಂದು ಉಸಿರು. ಇನ್ನೊಂದು. ಸಣ್ಣದು, ಅವಸರದ್ದು. ಚೀಲ ಜಗ್ಗಿದೆ, ನನ್ನ ಕೈಲಿ ಅಲುಗಲೂ ಇಲ್ಲ. ರಸ್ತೆಯ ಆಚೆ ಚಹಾದಂಗಡಿಯಲ್ಲಿ ಚೀಲ ಹೊರುವ ಹಮಾಲರು ಕೂತಿದ್ದರು. ಓಡಿದೆ. ಗೇಟು ದಾಟುತ್ತಲೇ ಮೈಕಿನ ಸಂಪರ್ಕ ಕಡಿದು ಕಿವಿಯಲ್ಲಿ ಉಸಿರು ನಿಂತಿತು. ಕಾರಣ ಗೊತ್ತಿದ್ದರೂ ಒಮ್ಮೆ ಹಿಂದೆ ತಿರುಗಿ ನೋಡಿದೆ.

ಹಮಾಲರು ನನ್ನ ಹಿಂದೆಯೇ ಓಡಿ ಬಂದರು. ಒಳಗೆ ಕಾಲಿಡುತ್ತಲೇ ಕಿವಿಯಲ್ಲಿ ಮತ್ತೆ ಉಸಿರು ಬಂತು; ಅಕ್ಕನ ಮೈಮೇಲೆ ಮೈಕ್ ಇದೆ, ಉಸಿರು ಕೇಳುತ್ತಿದೆ ಎಂದು ಅವರಿಗೆ ಹೇಳಿದೆ. ಅವರಲ್ಲಿ ಹಿರಿಯರೊಬ್ಬರು ಎಲ್ಲರನ್ನೂ ತಡೆದರು. "ಕೆಳಗಿಂದ ಜಗ್ಗಬ್ಯಾಡ್ರಿ, ಮತ್ತ ಕುಸೀತೈತಿ. ಮ್ಯಾಲಿಂದ ಇಳಸ್ರಿ." ಆಮೇಲೆ ನನ್ನ ಕಡೆ ತಿರುಗಿ, "ಟೀಚರ್ರೇ, ನೀವು ಕೇಳ್ಕೋತ ಇರ್ರಿ. ಉಸಿರು ಐತೋ ಇಲ್ಲೋ ಹೇಳ್ರಿ," ಎಂದರು.

"ಐತ್ರೀ," ಎಂದೆ. ಒಂದೊಂದು ಚೀಲ ಇಳಿದಾಗಲೂ ಅದನ್ನೇ ಹೇಳಿದೆ. "ಐತಿ... ಐತಿ..."

ಒಮ್ಮೆ ಉಸಿರು ನಿಂತೇ ಹೋಯಿತು. ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡೆ. ನನ್ನ ಮುಖ ನೋಡಿ ಹಮಾಲರೂ ಚೀಲ ಹಿಡಿದಲ್ಲೇ ನಿಂತರು. ಆಮೇಲೆ ಅಕ್ಕ ಕೆಮ್ಮಿದಳು.

ಎರಡು ಚೀಲಗಳು ಒಂದಕ್ಕೊಂದು ಆನಿಕೊಂಡು ಅವಳ ತಲೆಯ ಮೇಲೆ ಗೂಡಿನಂತೆ ನಿಂತಿದ್ದವು. ಹೆಗಲ ಎಲುಬು ಮುರಿದಿತ್ತು, ಬಾಯಿ ತುಂಬ ಧೂಳು. ಸಿಂಧನೂರಿನ ದವಾಖಾನೆಗೆ ಹೋಗುವಾಗ ಗಾಡಿಯಲ್ಲಿ ಮೆಲ್ಲಗೆ ಕೇಳಿದಳು: "ಐತಿ, ಐತಿ ಅನ್ನಾಕತ್ತಿದ್ದಿ. ಏನು ಐತಿ?" ನನಗೆ ಅಳು ಬಂತು.

ಫೋನಿನಲ್ಲಿ ಅಷ್ಟೂ ರೆಕಾರ್ಡ್ ಆಗಿತ್ತು. ತಿಂಗಳ ಮೇಲೆ, ಕೈ ಇನ್ನೂ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿದ್ದಾಗ, ಅಕ್ಕನೇ ಅಂದಳು: "ಅದನ್ನ ಹಾಕು. ಹಂಗ ಮತ್ತ ಬರಂಗಿಲ್ಲ ನನಗ." ಚಿತ್ರಕ್ಕೆ ಕೂಡಿಸಲು ಕೂತೆ. ಆ ಉಸಿರು ನಿಲ್ಲುವ ಜಾಗ ಬರುವ ಮುಂಚೆಯೇ ಹೆಡ್‌ಫೋನ್ ಕಿತ್ತಿಟ್ಟೆ. ಆ ರೆಕಾರ್ಡಿಂಗನ್ನೇ ಚಿತ್ರದಿಂದ ತೆಗೆದುಬಿಟ್ಟೆ. ಹೊರಗಿನ ಸದ್ದು ಬಾರದಂತೆ ಕೌದಿ ಹೊದ್ದು ನನ್ನದೇ ಉಸಿರು ರೆಕಾರ್ಡ್ ಮಾಡಿ ಹಾಕಿದೆ.

ಲಿಂಗಸುಗೂರಿನ ಶಾಲೆಯೊಂದರ ಸಭಾಂಗಣದಲ್ಲಿ ಚಿತ್ರ ತೋರಿಸಿದೆವು. ಪರದೆಯ ಮೇಲೆ ಆ ಹೆಂಗಸು ಬಾಗಿಲು ಬಡಿಯತೊಡಗಿದಾಗ ಪಕ್ಕದಲ್ಲಿದ್ದ ಅಕ್ಕ ಎದ್ದು ಹೊರಗೆ ನಡೆದಳು. ನಾನೂ ಹಿಂದೆ ಹೋದೆ. ಗೋಡೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು.

"ಒಳಗ ಗಾಳಿ ಇಲ್ಲ," ಅಂದಳು.

ಒಳಗೆ ಫ್ಯಾನುಗಳೆಲ್ಲ ತಿರುಗುತ್ತಿದ್ದವು. ನಾನು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ಪಕ್ಕದಲ್ಲಿ ಕೂತೆ. ಚಪ್ಪಾಳೆ ಕೇಳಿಸುವವರೆಗೆ ಅಲ್ಲೇ ಇದ್ದೆವು.